ಹೆಸರು ಯಾರದ್ದು, ಎಣ್ಣೆ ಯಾರದ್ದು?

ಬೆಂಗಳೂರಿನ ಮೇಖ್ರಿ ಸರ್ಕಲ್‌ನಿಂದ ಯಶವಂತಪುರದ ಕಡೆ ಹೋಗುವ ಸಿಟಿ ಬಸ್ಸು ಹತ್ತಿ ನೋಡಿ. ಸ್ವಲ್ಪ ದೂರ ಹೋಗುತ್ತಿದ್ದಂತೆ ಕಂಡಕ್ಟರ್ ಕೂಗುತ್ತಾರೆ, ‘ಯಾರ್ರೀ ಟಾಟಾ ಇನ್‌ಸ್ಟಿಟ್ಯೂಟ್, ಇಳೀರಿ ಬೇಗ!’ ನೀವು ಇಳೀತೀರಿ. ಗೇಟಿನ ಮೇಲಿನ ಬೋರ್ಡು ಓದುತ್ತೀರಿ. ಅಲ್ಲಿ ಟಾಟಾ ಅನ್ನುವ ಹೆಸರು ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆ ಅಂತಿದೆ. ಸರ್ಕಾರದ ಕಾಗದದಲ್ಲೂ ಅದೇ, ಪದವಿ ಪ್ರಮಾಣಪತ್ರದಲ್ಲೂ ಅದೇ. ಹಾಗಿದ್ದರೂ ನೂರು ವರ್ಷಕ್ಕೂ ಮೇಲಾಯಿತು, ಬೆಂಗಳೂರಿನ ಹಳಬರ ಬಾಯಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟೇ.

ಯಾಕೆ ಹೀಗೆ? ದುಡ್ಡು ಕೊಟ್ಟ ಮನುಷ್ಯ ‘ನನ್ನ ಹೆಸರು ಬೇಡ’ ಅಂದರು. ಜನ ಬಿಡಲಿಲ್ಲ. ಅಷ್ಟೇ ಕಥೆ. ಆದರೆ ಈ ಸಣ್ಣ ಕಥೆಯೊಳಗೆ ಇವತ್ತು ನಮ್ಮ ವಿಶ್ವವಿದ್ಯಾಲಯಗಳೆಲ್ಲ ಕಲಿಯಬೇಕಾದ ಒಂದು ದೊಡ್ಡ ಪಾಠ ಇದೆ.

ಇವತ್ತು ಜಗತ್ತಿನ ಶ್ರೀಮಂತ ವಿಶ್ವವಿದ್ಯಾಲಯಗಳಲ್ಲಿ ಹೆಸರಿಗೆ ರೇಟ್ ಕಾರ್ಡ್ ಇರುತ್ತೆ. ಇಷ್ಟು ಕೊಟ್ಟರೆ ಒಂದು ಕಟ್ಟಡಕ್ಕೆ ನಿಮ್ಮ ಹೆಸರು. ಇಷ್ಟಕ್ಕೆ ಒಂದು ಸಭಾಂಗಣ, ಇಷ್ಟಕ್ಕೆ ಒಂದು ಪ್ರಾಧ್ಯಾಪಕ ಪೀಠ. ಕೈಯಲ್ಲಿ ಕಡಿಮೆ ಇದೆಯಾ? ಲೈಬ್ರರಿಯ ಒಂದು ಕೋಣೆಗೋ, ತೋಟದ ಕಲ್ಲುಬೆಂಚಿಗೋ ಹೆಸರು ಹಾಕಿಸಬಹುದು. ನಗಬೇಡಿ. ನಮ್ಮ ದೇವಸ್ಥಾನಗಳ ಟ್ಯೂಬ್‌ಲೈಟ್ ಮೇಲೆ ದಾನಿಗಳ ಹೆಸರು ಬರೆಸಿ, ಬೆಳಕಿಗಿಂತ ಅಕ್ಷರವೇ ಹೆಚ್ಚಾಗಿರುವುದನ್ನು ನಾವೂ ನೋಡಿದ್ದೇವೆ.

ಈ ವ್ಯಾಪಾರದ ಇತಿಹಾಸದಲ್ಲಿ ಅತಿ ಅಗ್ಗಕ್ಕೆ ಅತಿ ದೊಡ್ಡ ಹೆಸರು ಪಡೆದವರು ಯಾರು ಗೊತ್ತಾ? ನಮ್ಮ ಪಕ್ಕದ ಮದ್ರಾಸಿನಲ್ಲಿದ್ದವರು. ಎಲಿಹು ಯೇಲ್. 1687ರಿಂದ 1692ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಸೇಂಟ್ ಜಾರ್ಜ್ ಕೋಟೆಯ ಗವರ್ನರ್. ಕಂಪನಿಯ ಕೆಲಸಕ್ಕಿಂತ ಸ್ವಂತ ವ್ಯಾಪಾರವೇ ಜಾಸ್ತಿ ಆಯಿತು ಅಂತ ಕಂಪನಿಯೇ ಇವರನ್ನು ಗಾದಿಯಿಂದ ಇಳಿಸಿತು. ಇವರ ಕಾಲದಲ್ಲಿ ಮದ್ರಾಸ್ ಬಂದರಿನಿಂದ ಗುಲಾಮರನ್ನು ಹಡಗು ಹತ್ತಿಸಿ ಕಳಿಸಿದ ದಾಖಲೆಗಳೂ ಇವೆ. ಗಂಟು ಕಟ್ಟಿಕೊಂಡು ಲಂಡನ್ನಿಗೆ ಹೋದರು.

ಆ ಹೊತ್ತಿಗೆ ಅಮೆರಿಕದ ಕನೆಕ್ಟಿಕಟ್‌ನಲ್ಲಿ 1701ರಲ್ಲಿ ಶುರುವಾದ ಒಂದು ಪುಟ್ಟ ಕಾಲೇಜು ಕಟ್ಟಡ ಮುಗಿಸಲು ದುಡ್ಡಿಲ್ಲದೆ ಒದ್ದಾಡುತ್ತಿತ್ತು. 1718ರಲ್ಲಿ ಕಾಟನ್ ಮೇಥರ್ ಎಂಬ ಪಾದ್ರಿ ಯೇಲ್ ಸಾಹೇಬರಿಗೆ ಕಾಗದ ಬರೆದರು. ಸಾರಾಂಶ ಇಷ್ಟು: ಕಾಲೇಜಿಗೆ ನಿಮ್ಮ ಹೆಸರಿಟ್ಟರೆ ಅದು ಪಿರಮಿಡ್ಡಿಗಿಂತ ಒಳ್ಳೆಯ ಸ್ಮಾರಕ. ಯೇಲ್ ಕಳಿಸಿದ್ದು ಒಂಬತ್ತು ಮೂಟೆ ಸರಕು, 417 ಪುಸ್ತಕ, ಜೊತೆಗೆ ದೊರೆ ಒಂದನೇ ಜಾರ್ಜ್‌ನ ಒಂದು ಚಿತ್ರಪಟ. ಸರಕು ಮಾರಿದಾಗ ಬಂದದ್ದು ಸುಮಾರು 562 ಪೌಂಡ್. ಮುಂದೆ ಅವರಿಂದ ದೊಡ್ಡ ಮೊತ್ತ ಬರಲೇ ಇಲ್ಲ. 1721ರಲ್ಲಿ ತೀರಿಕೊಂಡರು. ಹೆಸರು ಮಾತ್ರ ಮೂರು ಶತಮಾನದಿಂದ ನಿಂತಿದೆ. ಇವತ್ತಿನ ಯೇಲ್ ವಿಶ್ವವಿದ್ಯಾಲಯ ಅದೇ. ಯೇಲ್‌ಗಿಂತ ಹೆಚ್ಚು ಪುಸ್ತಕ ಸಂಗ್ರಹಿಸಿ ಕಳಿಸಿದ್ದ ಜೆರೆಮಿಯಾ ಡಮ್ಮರ್ ಎಂಬ ಪುಣ್ಯಾತ್ಮರನ್ನು ಯಾರೂ ನೆನೆಸುವುದಿಲ್ಲ.

ಹೆಸರು ಕೇಳುವುದು ತಪ್ಪಾ ಹಾಗಾದರೆ? ನಾನು ಹಾಗೆ ಹೇಳಲ್ಲ. ಮನುಷ್ಯನಿಗೆ ಹೆಸರಿನ ಆಸೆ ಇದ್ದೇ ಇರುತ್ತೆ. ಆ ಆಸೆಯಿಂದ ನಾಲ್ಕು ಮಕ್ಕಳು ಓದುತ್ತಾರೆ ಅಂದರೆ ಬರೆದುಕೊಳ್ಳಲಿ ಬಿಡಿ. ನನ್ನ ಪ್ರಶ್ನೆ ಬೇರೆ. ಕೊಟ್ಟ ದುಡ್ಡು ಒಮ್ಮೆಗೆ ಖರ್ಚಾಗಿ ಹೋಗುತ್ತಾ, ಇಲ್ಲಾ ವರ್ಷ ವರ್ಷ ಹಾಲು ಕೊಡುತ್ತಾ? ಕಲ್ಲಿನ ಮೇಲಿನ ಹೆಸರು ಓದುವ ಮೊದಲು ಇದನ್ನು ಕೇಳಬೇಕು.

ಕೇಂಬ್ರಿಡ್ಜ್‌ನ ಉದಾಹರಣೆ ತಗೊಳ್ಳಿ. ಹೆನ್ರಿ ಲ್ಯೂಕಾಸ್ ಅಂತ ಒಬ್ಬರು 1663ರಲ್ಲಿ ತೀರಿಕೊಂಡರು. ಉಯಿಲಿನಲ್ಲಿ ಗಣಿತದ ಒಂದು ಪೀಠಕ್ಕೆ ವ್ಯವಸ್ಥೆ ಮಾಡಿದ್ದರು. ಭೂಮಿ ಕೊಳ್ಳಿ, ಅದರಿಂದ ವರ್ಷಕ್ಕೆ 100 ಪೌಂಡ್ ಬರಲಿ, ಅದು ಪ್ರಾಧ್ಯಾಪಕರ ಸಂಬಳ. ಅಸಲು ಮುಟ್ಟಬಾರದು, ಫಲ ಮಾತ್ರ ಉಣ್ಣಬೇಕು. 1669ರಲ್ಲಿ ಆ ಪೀಠದಲ್ಲಿ ಕೂತವರು ಐಸಾಕ್ ನ್ಯೂಟನ್. 1979ರಿಂದ ಮೂವತ್ತು ವರ್ಷ ಕೂತವರು ಸ್ಟೀಫನ್ ಹಾಕಿಂಗ್. ಲ್ಯೂಕಾಸ್ ಯಾರು ಅಂತ ನಿಮಗೆ ಗೊತ್ತಿತ್ತಾ? ನ್ಯೂಟನ್ ಗೊತ್ತು ತಾನೆ? ಅದೇ ಸಾಕು.

ಇದನ್ನೆಲ್ಲ ಬಿಳಿಯರು ಕಂಡುಹಿಡಿದರು ಅಂದುಕೊಳ್ಳಬೇಡಿ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿಗೆ ಬನ್ನಿ. ಅಲ್ಲಿ ಸಾಲೋಟಗಿ ಅನ್ನುವ ಊರಿದೆ. ಅಲ್ಲಿನ ಕಂಬದ ಶಾಸನ ಕ್ರಿ.ಶ. 945ರದ್ದು. ಲ್ಯೂಕಾಸ್‌ಗಿಂತ ಏಳು ನೂರು ವರ್ಷ ಹಿಂದಿನದು! ರಾಷ್ಟ್ರಕೂಟರ ಮೂರನೇ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಒಂದು ವಿದ್ಯಾಶಾಲೆ ಕಟ್ಟಿಸಿದ. ಬೇರೆ ಬೇರೆ ದೇಶಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರಿಗಾಗಿ 27 ಮನೆಗಳಿದ್ದವು. ಖರ್ಚಿಗೆ 500 ನಿವರ್ತನ ಭೂಮಿ. ನಿವರ್ತನ ಅಂದರೆ ಆಗಿನ ಕಾಲದ ಜಮೀನಿನ ಅಳತೆ. ಊರಲ್ಲಿ ಮದುವೆ, ಉಪನಯನ ಆದರೆ ಶಾಲೆಗೆ ಇಷ್ಟು ಕಾಣಿಕೆ ಸಲ್ಲಬೇಕು ಅನ್ನುವ ನಿಯಮವೂ ಇತ್ತು.

ಆ ಶಾಸನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ವಿವರ. 12 ನಿವರ್ತನ ಭೂಮಿಯನ್ನು ದೀಪಕ್ಕೆ ಅಂತಲೇ ಪ್ರತ್ಯೇಕ ಬಿಟ್ಟಿದ್ದಾರೆ. ಯೋಚನೆ ಮಾಡಿ. ಕಟ್ಟಡ ಕಟ್ಟಿದರೆ ಸಾಲದು, ರಾತ್ರಿ ಹುಡುಗರು ಓದಬೇಕು, ಓದಲು ದೀಪ ಬೇಕು, ದೀಪಕ್ಕೆ ಎಣ್ಣೆ ಬೇಕು, ಎಣ್ಣೆ ಪ್ರತಿದಿನ ಬೇಕು. ಸಾವಿರ ವರ್ಷದ ಹಿಂದಿನ ಮಂತ್ರಿಗೆ ಇದು ಹೊಳೆದಿತ್ತು. ಇನ್ನೂ ಒಂದು ಮಾತು ಕೇಳಿ. ಆ ಊರಿನ ಹಳೆಯ ಹೆಸರು ಪಾವಿಟ್ಟಗೆ. ಶಾಲೆಯಿಂದಾಗಿ ಶಾಲಾಪಾವಿಟ್ಟಗೆ ಆಗಿ, ಜನರ ಬಾಯಲ್ಲಿ ಸವೆದು ಸಾಲೋಟಗಿ ಆಯಿತು ಅಂತ ವಿದ್ವಾಂಸರು ಹೇಳುತ್ತಾರೆ. ಕಟ್ಟಿಸಿದ ನಾರಾಯಣನ ಹೆಸರು ಕಂಬದಲ್ಲಿ ಉಳಿಯಿತು. ಶಾಲೆಯ ಹೆಸರು ಊರಿಗೇ ಅಂಟಿಕೊಂಡಿತು.

ಈಗ ಬೆಂಗಳೂರಿಗೆ ವಾಪಸ್ ಬರೋಣ. ಜಮ್ಷೆಡ್‌ಜಿ ಟಾಟಾ ಸಹ ಇದೇ ದಾರಿಯಲ್ಲಿ ಯೋಚಿಸಿದವರು. 1892ರಲ್ಲೇ ಅವರು ಉನ್ನತ ಓದಿಗೆ ವಿದೇಶಕ್ಕೆ ಹೋಗುವವರಿಗಾಗಿ ಒಂದು ನಿಧಿ ಇಟ್ಟರು. ಅದು ಸಾಲದ ರೂಪದ ವಿದ್ಯಾರ್ಥಿವೇತನ. ಓದಿ ಬಂದವರು ತೀರಿಸಬೇಕು, ಆ ದುಡ್ಡಿನಲ್ಲಿ ಮುಂದಿನವರು ಹೋಗಬೇಕು. ಆಮೇಲೆ ಬಂತು ದೊಡ್ಡ ಕನಸು, ಭಾರತದಲ್ಲೇ ಒಂದು ಸಂಶೋಧನಾ ವಿಶ್ವವಿದ್ಯಾಲಯ. ಅದಕ್ಕೆ ಅವರು ಮುಂದಿಟ್ಟದ್ದು ಮುಂಬೈನ ಕಟ್ಟಡಗಳು ಮತ್ತು ಜಮೀನು. ಬೆಲೆ ಆ ಕಾಲಕ್ಕೆ 30 ಲಕ್ಷ ರೂಪಾಯಿ. ಅವುಗಳಿಂದ ವರ್ಷಕ್ಕೆ ಸುಮಾರು ಒಂದೂಕಾಲು ಲಕ್ಷ ಆದಾಯ. ಗಮನಿಸಿ, ದುಡ್ಡಿನ ಚೀಲ ತಂದು ಸುರಿಯಲಿಲ್ಲ. ಬಾಡಿಗೆ ಬರುವ ಆಸ್ತಿ ಕೊಟ್ಟರು. ಸಾಲೋಟಗಿಯ ದೀಪದ ಹೊಲ ಇದ್ದಂಗೆ.

ಅವರ ಆಪ್ತ ಬುರ್ಜೋರ್ಜಿ ಪಾದ್‌ಶಾ ಯುರೋಪು, ಅಮೆರಿಕ ಸುತ್ತಿ ವಿಶ್ವವಿದ್ಯಾಲಯಗಳನ್ನು ನೋಡಿ ಬಂದರು. ಅವರಿಗೆ ಮಾದರಿಯಾಗಿ ಕಂಡದ್ದು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ. ಅದು ದಾನಿಯ ಹೆಸರನ್ನೇ ಹೊತ್ತು ನಿಂತ ಸಂಸ್ಥೆ! ಮಾದರಿಯನ್ನು ಟಾಟಾ ಒಪ್ಪಿಕೊಂಡರು, ಹೆಸರಿಡುವ ಪದ್ಧತಿಯನ್ನು ಮಾತ್ರ ಒಪ್ಪಲಿಲ್ಲ.

1898ರ ಡಿಸೆಂಬರ್ 31. ಹೊಸ ವೈಸ್‌ರಾಯ್ ಆಗಿ ಬಂದಿಳಿದ ಲಾರ್ಡ್ ಕರ್ಜನ್ ಮುಂದೆ ಯೋಜನೆ ಇಟ್ಟರು. ಕರ್ಜನ್‌ಗೆ ಅನುಮಾನ. ಇಷ್ಟು ದೊಡ್ಡ ಓದಿಗೆ ಭಾರತದಲ್ಲಿ ವಿದ್ಯಾರ್ಥಿಗಳು ಸಿಗ್ತಾರಾ? ಓದಿದ ಮೇಲೆ ಅವರಿಗೆ ಕೆಲಸ ಎಲ್ಲಿದೆ? ಸಮಿತಿಗಳು, ವರದಿಗಳು, ಪತ್ರಗಳು ಶುರುವಾದವು. ವಿಜ್ಞಾನಿ ವಿಲಿಯಂ ರಾಮ್ಸೆ ಬಂದು ದೇಶ ಸುತ್ತಿ ಬೆಂಗಳೂರೇ ಸೂಕ್ತ ಅಂದರು. ಮೈಸೂರು ಸಂಸ್ಥಾನ ಕೈ ಚಾಚಿತು. ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಆಗ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದ ಕೆಂಪನಂಜಮ್ಮಣ್ಣಿಯವರ ಕಾಲದಲ್ಲಿ ಮೂಡಿದ ಒಪ್ಪಿಗೆ ಅದು. ಕೊನೆಗೆ 1907ರಲ್ಲಿ ಸುಮಾರು 371 ಎಕರೆ ಜಾಗ ಸಿಕ್ಕಿತು. ಕಟ್ಟಡಕ್ಕೆ ಹಣ, ಅದರ ಮೇಲೆ ವರ್ಷ ವರ್ಷದ ಅನುದಾನವೂ ಮೈಸೂರಿನಿಂದ ಬಂತು.

ಟಾಟಾ ಇದನ್ನು ನೋಡಲು ಇರಲಿಲ್ಲ. 1904ರ ಮೇ ತಿಂಗಳಲ್ಲಿ ಜರ್ಮನಿಯಲ್ಲಿ ಕಣ್ಣು ಮುಚ್ಚಿದರು. ಮಕ್ಕಳಾದ ದೊರಾಬ್ಜಿ ಮತ್ತು ರತನ್ ಅಪ್ಪನ ಮಾತು ಉಳಿಸಿದರು. 1909ರಲ್ಲಿ ಸರ್ಕಾರದ ಆದೇಶ ಹೊರಬಿತ್ತು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಇಟ್ಟರು. ಅದೇ ವರ್ಷ ವಿದ್ಯಾರ್ಥಿಗಳ ಮೊದಲ ತಂಡ ಒಳಗೆ ಬಂತು.

ಈಗ ಯೋಚಿಸಿ. ಬೋರ್ಡಿನ ಮೇಲೆ ಟಾಟಾ ಹೆಸರಿದ್ದಿದ್ದರೆ ಬೇರೆಯವರಿಗೆ ಅದು ‘ಅವರ ಮನೆಯ ಸಂಸ್ಥೆ’ ಆಗಿಬಿಡುತ್ತಿತ್ತಾ? ಮೈಸೂರಿನವರು ತಮ್ಮದು ಅಂತ ಜಾಗ ಬರೆದುಕೊಡುತ್ತಿದ್ದರಾ? ನನ್ನ ಲೆಕ್ಕದಲ್ಲಿ, ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದರಿಂದಲೇ ಉಳಿದವರಿಗೆ ಕೈಜೋಡಿಸಲು ಜಾಗ ಸಿಕ್ಕಿತು.

ಉತ್ತರ ಕರ್ನಾಟಕದಲ್ಲೂ ಅಂಥವರು ಇದ್ದರು. ಸಿರಸಂಗಿಯ ದೇಸಾಯಿ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ವಿದ್ಯೆಗಾಗಿ ಉಯಿಲು ಬರೆದಿಟ್ಟರು. ಆ ಟ್ರಸ್ಟಿನ ನೆರವಿನಿಂದ ಎಷ್ಟೋ ಹಳ್ಳಿ ಹುಡುಗರು ಓದಿದರು. ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಲಿಂಗರಾಜ ಕಾಲೇಜು ಬಂದದ್ದು 1933ರಲ್ಲಿ, ಅವರು ಹೋಗಿ 27 ವರ್ಷ ಆದ ಮೇಲೆ. ‘ತ್ಯಾಗವೀರ’ ಅನ್ನುವ ಬಿರುದು ಜನ ಕೊಟ್ಟಿದ್ದು.

ಇನ್ನು ಇವತ್ತಿನ ಕಥೆ. ಕೆಲವು ವರ್ಷಗಳ ಹಿಂದೆ ಒಂದು ವಿಶ್ವವಿದ್ಯಾಲಯದ ಘಟಿಕೋತ್ಸವಕ್ಕೆ ಹೋಗಿದ್ದೆ. ಪಕ್ಕದಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಕೂತಿದ್ದರು. ತೀರಿಹೋದ ಹೆಂಡತಿಯ ಹೆಸರಿನಲ್ಲಿ ಚಿನ್ನದ ಪದಕಕ್ಕೆ ದತ್ತಿ ಇಟ್ಟವರು. ಪದಕ ಪಡೆದ ಹುಡುಗಿ ಬಂದು ಕಾಲಿಗೆ ನಮಸ್ಕಾರ ಮಾಡಿದಳು. ಮೇಷ್ಟ್ರು ಪದಕ ಕೈಯಲ್ಲಿ ಹಿಡಿದು ತೂಗಿ ನೋಡಿದರು. ಏನೂ ಮಾತಾಡಲಿಲ್ಲ. ಅವಳು ಹೋದ ಮೇಲೆ ನನ್ನ ಕಡೆ ತಿರುಗಿ, ‘ಲೇಪನ ಸಾರ್’ ಅಂದರು.

ಯಾರನ್ನೂ ಬೈಯಬೇಡಿ, ಲೆಕ್ಕ ಹಾಕಿ. 1985ರ ಸುಮಾರಿಗೆ ಹತ್ತು ಸಾವಿರ ರೂಪಾಯಿ ಠೇವಣಿ ಇಟ್ಟರೆ 11 ಪರ್ಸೆಂಟ್ ಬಡ್ಡಿಯಲ್ಲಿ ವರ್ಷಕ್ಕೆ 1,100 ರೂಪಾಯಿ. ಆಗ 10 ಗ್ರಾಂ ಚಿನ್ನ ಎರಡು ಸಾವಿರದ ಆಸುಪಾಸು. ಐದು ಗ್ರಾಂ ಪದಕ ಆರಾಮಾಗಿ ಬರುತ್ತಿತ್ತು. ಇವತ್ತು ಅದೇ ಠೇವಣಿಗೆ 7 ಪರ್ಸೆಂಟ್ ಅಂದರೂ 700 ರೂಪಾಯಿ. ಗುಲಗಂಜಿ ತೂಕದ ಚಿನ್ನವೂ ಬರಲ್ಲ! ಬಡ್ಡಿಯನ್ನು ಪೂರ್ತಿ ತಿಂದು, ಅಸಲು ಬೆಳೆಯಲು ಏನೂ ಬಿಡದಿದ್ದರೆ ಚಿನ್ನ ಲೇಪನ ಆಗುತ್ತೆ, ಲೇಪನ ಪ್ರಮಾಣಪತ್ರ ಆಗುತ್ತೆ. ಹೆಸರು ಉಳೀತು, ಎಣ್ಣೆ ಆರಿತು.

ದೊಡ್ಡ ದಾನಗಳಿಗೂ ಇದೇ ಮಾತು. 2022ರಲ್ಲಿ ಅದೇ ಭಾರತೀಯ ವಿಜ್ಞಾನ ಸಂಸ್ಥೆಗೆ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು 425 ಕೋಟಿ ರೂಪಾಯಿ ಕೊಡುವುದಾಗಿ ಘೋಷಿಸಿದರು. 800 ಹಾಸಿಗೆಗಳ ಆಸ್ಪತ್ರೆಗೆ ಅವರ ಹೆಸರು. ಬಹಳ ಸಂತೋಷ. ನಮ್ಮ ಕಾಲದ ಶ್ರೀಮಂತರು ಹೀಗೆ ಕೊಡುವಂತಾಗಲಿ. ಜೊತೆಗೆ ನಾವು ಕಲಿಯಬೇಕಾದ್ದು ಇಷ್ಟೇ: ಯಾವ ಆಸ್ಪತ್ರೆಯೇ ಆಗಲಿ, ಕಾಲೇಜೇ ಆಗಲಿ, ಕಟ್ಟುವುದು ಒಂದು ಸಲದ ಕೆಲಸ, ನಡೆಸುವುದು ನೂರು ವರ್ಷದ ಕೆಲಸ. ರಿಬ್ಬನ್ ಕತ್ತರಿಸುವ ದಿನ ಎಲ್ಲರೂ ಬರುತ್ತಾರೆ. ಹದಿನೈದನೇ ವರ್ಷ ಲ್ಯಾಬಿನ ಯಂತ್ರ ಕೆಟ್ಟಾಗ ಯಾರು ಬರುತ್ತಾರೆ?

ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಮಹನೀಯರ ಹೆಸರಿನ ಅಧ್ಯಯನ ಪೀಠಗಳಿಗೆ ಬರವಿಲ್ಲ. ಹೆಸರು ದೊಡ್ಡದು, ಕೋಣೆ ಸಣ್ಣದು, ನಿಧಿ ಅದಕ್ಕಿಂತ ಸಣ್ಣದು. ಹೊಸ ಪೀಠ ಘೋಷಿಸುವ ಮೊದಲು ಹಳೆಯ ಪೀಠದ ದೀಪಕ್ಕೆ ಎಣ್ಣೆ ಇದೆಯಾ ಅಂತ ನಮ್ಮನ್ನಾಳುವವರು ಒಮ್ಮೆ ಬಗ್ಗಿ ನೋಡಲಿ. ದಾನಿಗಳೂ ಅಷ್ಟೇ. ಹೆಸರು ಬರೆಸಿಕೊಳ್ಳಿ, ತಪ್ಪಿಲ್ಲ. ದೀಪದ ಹೊಲವನ್ನೂ ಬರೆದುಕೊಡಿ.

ಆಮೇಲೆ ಹೆಸರಿನ ಚಿಂತೆ ನಿಮಗೆ ಬೇಡ. ಅದನ್ನು ಆ ಬಸ್ಸಿನ ಕಂಡಕ್ಟರ್ ನೋಡಿಕೊಳ್ಳುತ್ತಾರೆ.