ನಾವಿಕರ ಸೇವಾ ದಾಖಲೆ

ವ್ಯಾಪಾರಿ ಹಡಗಿನಲ್ಲಿ ದುಡಿಯುವವರ ಉದ್ಯೋಗದ ಅಧಿಕೃತ ದಾಖಲೆ. ಭಾರತದಲ್ಲಿ ಇದರ ಹೆಸರು ಕಂಟಿನ್ಯೂಯಸ್ ಡಿಸ್ಚಾರ್ಜ್ ಸರ್ಟಿಫಿಕೇಟ್. ನಾವಿಕರು ಕರೆಯುವುದು ಸಿಡಿಸಿ ಎಂದೇ. ಹಡಗಿನ ಹೆಸರು, ದರ್ಜೆ, ಸೈನ್ ಆನ್ (ಹಡಗು ಸೇರಿದ) ಮತ್ತು ಸೈನ್ ಆಫ್ (ಹಡಗು ಬಿಟ್ಟ) ಆದ ದಿನ, ಬಂದರು, ಕ್ಯಾಪ್ಟನ್ ಸಹಿ, ಮೊಹರು: ಪ್ರತಿ ನೌಕರಿಗೂ ಪುಸ್ತಕದಲ್ಲಿ ಒಂದು ನಮೂದು.

ಇಂಥ ದಾಖಲೆ ಹುಟ್ಟಿದ್ದು ನಾವಿಕರ ಹಿತಕ್ಕಲ್ಲ. ಯುದ್ಧ ಬಂದರೆ ನೌಕಾಪಡೆಗೆ ಜನ ಸಿಗಬೇಕೆಂದು ಬ್ರಿಟನ್ 1835ರಲ್ಲಿ ನಾವಿಕರ ನೋಂದಣಿ ಆರಂಭಿಸಿತು. 1845ರಿಂದ 1853ರವರೆಗೆ ಕೊಟ್ಟ ಟಿಕೆಟ್‌ಗಳಲ್ಲಿ ಎತ್ತರ, ಕೂದಲು ಮತ್ತು ಕಣ್ಣಿನ ಬಣ್ಣ, ಮೈಮೇಲಿನ ಗುರುತುಗಳನ್ನೂ ಬರೆಯುತ್ತಿದ್ದರು. 1900ರಲ್ಲಿ ಬಂದ ಪುಸ್ತಕದಲ್ಲಿ ಸಾಮರ್ಥ್ಯ, ನಡತೆಗಳಿಗೆ ‘ವೆರಿ ಗುಡ್’ ಮೊಹರು ಬೀಳುತ್ತಿತ್ತು. ಅಭಿಪ್ರಾಯ ಹೇಳಲು ಕ್ಯಾಪ್ಟನ್ ನಿರಾಕರಿಸಿದ್ದಾನೆ ಎಂಬ ಷರಾ ಬಿದ್ದರೆ ಮುಂದಿನ ಹಡಗು ಸಿಗುವುದು ದುಸ್ತರವಾಗುತ್ತಿತ್ತು.

ಲಸ್ಕರರ, ಅಂದರೆ ಬ್ರಿಟಿಷ್ ಹಡಗುಗಳಲ್ಲಿ ದುಡಿಯುತ್ತಿದ್ದ ಭಾರತೀಯ ನಾವಿಕರ, ಪಾಡು ಇನ್ನೂ ಕಠಿಣವಾಗಿತ್ತು. ಅವರನ್ನು ಸೆರಾಂಗ ಎಂಬ ಮೇಸ್ತ್ರಿಯ ಮೂಲಕ ಗುಂಪಾಗಿ, ಪ್ರತ್ಯೇಕ ಕರಾರಿನಡಿ ನೇಮಿಸಿಕೊಳ್ಳುತ್ತಿದ್ದರು. ಬ್ರಿಟನ್ನಿನ ಕೇಂದ್ರ ನೋಂದಣಿಯಲ್ಲಿ ಅವರ ಹೆಸರು ಸಿಗುವುದೇ ಅಪರೂಪ. ಭಾರತದಲ್ಲಿ ನಾವಿಕರ ನೇಮಕ, ಬಿಡುಗಡೆಗಳನ್ನು 1859, 1923, 1958ರ ಕಾಯ್ದೆಗಳು ಒಂದರ ನಂತರ ಒಂದರಂತೆ ನಿಯಂತ್ರಿಸಿದವು.

ಬ್ರಿಟಿಷರ ಕಾಲದಲ್ಲಿ ಕನ್ನಡ ಕರಾವಳಿಗೆ ಒಂದೇ ಆಡಳಿತವಿರಲಿಲ್ಲ. 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತಕ್ಕೆ ಸೇರಿತು. ಮಂಗಳೂರು, ಕಾಸರಗೋಡು ಮದ್ರಾಸಿನಲ್ಲೇ ಉಳಿದವು. ಹಾಗಾಗಿ ಕರಾವಳಿಯ ನಾವಿಕರ ಚರಿತ್ರೆ ಬರೆಯುವವರು ಎರಡೂ ಪ್ರಾಂತಗಳ ಕಡತಗಳನ್ನು ಜಾಲಾಡಬೇಕು. ಒಳನಾಡಿನ ಮಾತು ಬೇರೆ. ಸಿಡಿಸಿ ಸಮುದ್ರಯಾನಕ್ಕೆ ಸಂಬಂಧಿಸಿದ್ದು. ನಂಜನಗೂಡಿನ ಕಪಿಲೆಯಲ್ಲೋ ತಿರುಮಕೂಡಲು ನರಸೀಪುರದ ಸಂಗಮದಲ್ಲೋ ಹರಿಗೋಲು ಹಾಕುವ ಅಂಬಿಗರಿಗೆ ಅದಿಲ್ಲ. ಆದರೆ ಆ ಊರುಗಳ ಹುಡುಗ ಹಡಗು ಸೇರುವುದಾದರೆ, ಕಾರವಾರದವನಂತೆಯೇ ತರಬೇತಿ ಮುಗಿಸಿ, ಮುಂಬೈ, ಕೋಲ್ಕತ್ತ ಅಥವಾ ಚೆನ್ನೈಯ ಶಿಪ್ಪಿಂಗ್ ಮಾಸ್ಟರ್ ಕಚೇರಿಯಿಂದ ಸಿಡಿಸಿ ಪಡೆಯಬೇಕು.

ಇಂದು ಈ ಪುಸ್ತಕವೇ ನಾವಿಕನ ಆಸ್ತಿ. ಬಡ್ತಿಯ ಪರೀಕ್ಷೆಗೆ ಬೇಕಾದ ‘ಸೀ ಟೈಮ್’, ಅಂದರೆ ಹಡಗಿನಲ್ಲಿ ದುಡಿದ ಅವಧಿ, ಸಾಬೀತಾಗಲು ಇದು ಬೇಕು. ಗುರುತಿನ ವಿಷಯಕ್ಕೆ, ಮುಖದ ಬಯೊಮೆಟ್ರಿಕ್ ಇರುವ ಪ್ರತ್ಯೇಕ ಕಾರ್ಡನ್ನು ಭಾರತ 2019ರಲ್ಲಿ ಜಾರಿಗೆ ತಂದಿತು. ಅದಕ್ಕಿಂತ ದೊಡ್ಡ ಬದಲಾವಣೆ ಬಂದದ್ದು 2006ರ ಸಾಗರ ಕಾರ್ಮಿಕ ಒಪ್ಪಂದದಿಂದ. ಭಾರತ 2015ರಲ್ಲಿ ಅನುಮೋದಿಸಿದ ಈ ಒಪ್ಪಂದದ ಪ್ರಕಾರ ಪ್ರತಿ ನಾವಿಕನಿಗೂ ಸೇವಾ ದಾಖಲೆ ಕೊಡಲೇಬೇಕು. ಅದರಲ್ಲಿ ಕೆಲಸದ ಗುಣಮಟ್ಟದ ಬಗ್ಗೆಯಾಗಲಿ ಸಂಬಳದ ಬಗ್ಗೆಯಾಗಲಿ ಏನನ್ನೂ ಬರೆಯಕೂಡದು.