ಪ್ರೊಫೈಲ್ ಕೈಗೆ ಬಂತು, ಅಳೆಯುವ ಸಾಧನ ಇನ್ನೂ ದೂರ

ಪರದೆಯಲ್ಲಿ ಕಂಡ ಕಡುಗೆಂಪು ಕಾಗದಕ್ಕೆ ಇಳಿಯುವ ಹೊತ್ತಿಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗುವುದು ಫೋಟೊ ಮುದ್ರಿಸುವವರಿಗೆಲ್ಲ ಪರಿಚಿತ ತಲೆನೋವು. ಪರದೆ ಬೆಳಕು ಸೂಸುತ್ತದೆ. ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಹಿಂದಿರುಗಿಸುತ್ತದೆ. ಶಾಯಿಯೋ ಕಾಗದವೋ ಬದಲಾದರೆ ಅದೇ ಪ್ರಿಂಟರ್ ಬೇರೆ ಬಣ್ಣ ಕೊಡುತ್ತದೆ. ಈ ನಡವಳಿಕೆಯನ್ನು ಅಳೆದು ದಾಖಲಿಸಿದ ಫೈಲೇ ಬಣ್ಣದ ಪ್ರೊಫೈಲ್.

ಯಾವ ಯಂತ್ರದ ಹಂಗೂ ಇಲ್ಲದೆ ಬಣ್ಣವನ್ನು ಅಂಕಿಗಳಲ್ಲಿ ಹೇಳುವ ದಾರಿಯನ್ನು ಸಿಐಇ ಎಂಬ ಅಂತರರಾಷ್ಟ್ರೀಯ ಆಯೋಗ 1931ರಲ್ಲೇ ಹಾಕಿಕೊಟ್ಟಿತ್ತು. 1993ರಲ್ಲಿ ಅಡೋಬಿ, ಆಪಲ್, ಕೊಡಾಕ್, ಮೈಕ್ರೋಸಾಫ್ಟ್ ಸೇರಿದಂತೆ 8 ಕಂಪನಿಗಳು ಐಸಿಸಿ ಒಕ್ಕೂಟ ಕಟ್ಟಿ, ಎಲ್ಲರಿಗೂ ಒಪ್ಪುವ ಪ್ರೊಫೈಲ್ ಮಾದರಿಯನ್ನು ರೂಪಿಸಲು ಹೊರಟವು. ಮಾದರಿ ಬಹಿರಂಗವಾಗಿತ್ತು, ಪ್ರೊಫೈಲ್ ತಯಾರಿಸುವ ತಂತ್ರಾಂಶ ಮಾತ್ರ ದುಬಾರಿ. ಹವ್ಯಾಸಿಗೆ ದಕ್ಕುತ್ತಿದ್ದದ್ದು ಪ್ರಿಂಟರ್ ಕಂಪನಿ ತನ್ನದೇ ಕಾಗದಕ್ಕೆಂದು ಕೊಡುವ ಸಿದ್ಧ ಪ್ರೊಫೈಲ್.

1998ರಲ್ಲಿ ಮಾರ್ಟಿ ಮರಿಯಾ ಆರಂಭಿಸಿದ ‘ಲಿಟ್ಲ್ ಸಿಎಂಎಸ್’ ಮುಕ್ತ ತಂತ್ರಾಂಶಕ್ಕೆ ಮೊದಲ ನೆಲೆ ಒದಗಿಸಿತು. ಮುಂದೆ ಚಿತ್ರ ತಿದ್ದುವ ಗಿಂಪ್, ಪುಟ ವಿನ್ಯಾಸದ ಸ್ಕ್ರೈಬಸ್‌ಗಳು ಇದನ್ನೇ ನೆಚ್ಚಿಕೊಂಡವು. ಆದರೆ ಇದರ ಕೆಲಸ ಇರುವ ಪ್ರೊಫೈಲನ್ನು ಚಿತ್ರಕ್ಕೆ ಅನ್ವಯಿಸುವುದು. ಹೊಸದನ್ನು ಸೃಷ್ಟಿಸುವ ತಂತ್ರಾಂಶದ ಕೊರತೆಯನ್ನು ನೀಗಿಸಿದ್ದು ಆಸ್ಟ್ರೇಲಿಯಾದ ಗ್ರೇಮ್ ಗಿಲ್ ಬರೆದ ‘ಆರ್ಜಿಲ್ ಸಿಎಂಎಸ್’.

ಆರ್ಜಿಲ್‌ನಲ್ಲಿ ಪ್ರತಿ ಹಂತಕ್ಕೂ ಒಂದೊಂದು ಆದೇಶ. ‘ಟಾರ್‌ಜೆನ್’ ನೂರಾರು ಬಣ್ಣದ ಚೌಕಗಳನ್ನು ಆರಿಸುತ್ತದೆ. ‘ಪ್ರಿಂಟ್‌ಟಾರ್ಗ್’ ಅವನ್ನು ಹಾಳೆಗೆ ಜೋಡಿಸುತ್ತದೆ. ಡ್ರೈವರ್‌ನ ಬಣ್ಣ ತಿದ್ದುವ ಆಯ್ಕೆಗಳನ್ನೆಲ್ಲ ನಿಷ್ಕ್ರಿಯಗೊಳಿಸಿ ಮುದ್ರಿಸಬೇಕು. ಇಲ್ಲವಾದರೆ ಅಳೆದದ್ದು ಪ್ರಿಂಟರಿನ ಗುಣವಲ್ಲ, ತಿದ್ದುಪಡಿಯ ಗುಣ. ಶಾಯಿ ಪೂರ್ತಿ ಒಣಗಿದ ಮೇಲೆ ‘ಚಾರ್ಟ್‌ರೀಡ್’ ಬಣ್ಣ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಉಪಕರಣದ ಮೂಲಕ ಚೌಕಗಳನ್ನು ಓದುತ್ತದೆ. ಕೊನೆಗೆ ‘ಕಾಲ್‌ಪ್ರೊಫ್’ ಪ್ರೊಫೈಲ್ ಕಟ್ಟುತ್ತದೆ. ಕಾಗದವನ್ನು ಹೆಚ್ಚು ಬಿಳಿಯಾಗಿಸಲು ಬೆರೆಸುವ ಹೊಳಪುಕಾರಕಗಳು ಅಳತೆಯನ್ನು ನೀಲಿಗೆ ಎಳೆದು ಮುದ್ರಣವನ್ನು ಹಳದಿಯಾಗಿಸಬಲ್ಲವು. ಇದನ್ನು ಸರಿದೂಗಿಸುವ ಲೆಕ್ಕವೂ ಆರ್ಜಿಲ್‌ನಲ್ಲಿದೆ. ಉಚಿತ ಎಂದ ಮಾತ್ರಕ್ಕೆ ಇದು ಅಗ್ಗದ ಬದಲಿಯಲ್ಲ.

ಬಳಕೆಯ ಹಾದಿ ಸುಗಮವಾದದ್ದು ಆಮೇಲೆ. 2007ರ ಗಿಂಪ್ 2.4 ಬಣ್ಣ ನಿರ್ವಹಣೆಯನ್ನು ಒಳಗೊಂಡಿತು. ಫ್ಲೋರಿಯಾನ್ ಹೋಖ್ ಅವರ ‘ಡಿಸ್‌ಪ್ಲೇಕ್ಯಾಲ್’ ಆರ್ಜಿಲ್‌ಗೆ ಗುಂಡಿ-ಪಟ್ಟಿಗಳ ಮುಖ ಕೊಟ್ಟಿತು. ಆದರೆ ಅದರ ಒಲವು ಪರದೆಯ ಕಡೆಗೇ. 2011ರಲ್ಲಿ ರಿಚರ್ಡ್ ಹ್ಯೂಸ್ ‘ಕಲರ್‌ಡಿ’ ಮೂಲಕ ಲಿನಕ್ಸ್‌ನಲ್ಲಿ ಪರದೆ, ಪ್ರಿಂಟರ್, ಸ್ಕ್ಯಾನರ್‌ಗಳ ಪ್ರೊಫೈಲ್‌ಗಳನ್ನು ಒಂದೆಡೆ ತಂದರು. ಅವರದೇ ‘ಕಲರ್‌ಹಗ್’ ಅಳೆಯುವ ಉಪಕರಣದ ವಿನ್ಯಾಸವನ್ನೂ ಮುಕ್ತಗೊಳಿಸಿತು, ಆದರೆ ಅದು ಅಳೆಯುತ್ತಿದ್ದದ್ದು ಪರದೆಯನ್ನು.

ಮುದ್ರಣದ ಕಥೆ ಇಲ್ಲಿಯೇ ತಡೆದು ನಿಂತಿದೆ. ಕಾಗದದ ಬಣ್ಣ ಓದಲು ತನ್ನದೇ ದೀಪವಿರುವ ಸ್ಪೆಕ್ಟ್ರೋಫೋಟೋಮೀಟರ್ ಬೇಕು. ಅದರ ಬೆಲೆ ಎಷ್ಟೋ ಫೋಟೊ ಪ್ರಿಂಟರ್‌ಗಳ ಬೆಲೆಯನ್ನು ಮೀರುತ್ತದೆ. ಮನೆಯ ಸ್ಕ್ಯಾನರನ್ನೇ ಬಳಸುವ ಅವಕಾಶವನ್ನು ಆರ್ಜಿಲ್ ಕೊಟ್ಟಿದೆಯಾದರೂ, ಸ್ಕ್ಯಾನರ್ ಬಣ್ಣವನ್ನು ನಮ್ಮ ಕಣ್ಣಿನಂತೆ ವಿಂಗಡಿಸುವುದಿಲ್ಲವಾದ್ದರಿಂದ ಫಲಿತಾಂಶ ಒರಟು. ಇನ್ನೊಬ್ಬರ ಪ್ರೊಫೈಲ್ ಎರವಲು ಪಡೆಯುವುದೂ ಪೂರ್ಣ ಪರಿಹಾರವಲ್ಲ, ಅದು ಅವರ ಪ್ರಿಂಟರ್, ಶಾಯಿ, ಕಾಗದಗಳ ಅಳತೆ. ಹಾಗಾಗಿ ಹಂಚಿಕೊಳ್ಳಬೇಕಾದದ್ದು ಪ್ರೊಫೈಲನ್ನಲ್ಲ, ಉಪಕರಣವನ್ನು. ಛಾಯಾಗ್ರಾಹಕರ ಒಂದು ಕೂಟ ಸೇರಿ ಕೊಂಡರೆ ಪ್ರತಿಯೊಬ್ಬರೂ ತಮ್ಮ ಕಾಗದಕ್ಕೆ ತಾವೇ ಪ್ರೊಫೈಲ್ ಮಾಡಿಕೊಳ್ಳಬಹುದು. ಉಳಿದದ್ದಕ್ಕೆಲ್ಲ ತಂತ್ರಾಂಶ ಸಿದ್ಧವಿದೆ.