ಹದಿನೈದು ದಿನದ ತಡೆಯಾಜ್ಞೆ

ಕೋರ್ಟಿನ ತಡೆಯಾಜ್ಞೆ ಅಂದ್ರೆ ಏನು ಅಂತ ನಮ್ಮ ಹೊಸೂರು ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಬದುವಿನ ಜಗಳವೋ ಬಾವಿಯ ಪಾಲೋ, ಒಬ್ಬರು ಹೋಗಿ 'ಸ್ಟೇ' ತಂದರೆ ಇನ್ನೊಬ್ಬರು ನೇಗಿಲು ಹೂಡುವ ಹಾಗಿಲ್ಲ. ಆದರೆ ಪತ್ರಿಕೆಯಲ್ಲಿ ಬರಬೇಕಾದ ಸುದ್ದಿಗೇ ಸ್ಟೇ ತಂದರೆ? 1971ರ ಜೂನ್‌ನಲ್ಲಿ ಅಮೆರಿಕದ ಸರ್ಕಾರ ಮಾಡಿದ್ದು ಅದನ್ನೇ.

ವಿಯೆಟ್ನಾಂ ಯುದ್ಧ ನಡೀತಾ ಇದ್ದ ಕಾಲ. ದೇಶ ಆ ಯುದ್ಧಕ್ಕೆ ಹೇಗೆ ಇಳಿಯಿತು ಅಂತ ರಕ್ಷಣಾ ಕಾರ್ಯದರ್ಶಿ ಮೆಕ್‌ನಮಾರ 1967ರಲ್ಲಿ ಗುಟ್ಟಾಗಿ ಒಂದು ಅಧ್ಯಯನ ಮಾಡಿಸಿದ್ದರು. 47 ಸಂಪುಟ, ಸುಮಾರು 7,000 ಪುಟ. ಜನರಿಗೆ ಹೇಳಿದ್ದೊಂದು, ಒಳಗೆ ನಡೆದದ್ದೊಂದು ಅನ್ನೋದು ಅದರಲ್ಲೇ ಬರೆದಿತ್ತು. ಆ ಕೆಲಸದಲ್ಲಿ ತಾನೂ ಇದ್ದ ಡೇನಿಯಲ್ ಎಲ್ಸ್‌ಬರ್ಗ್ ರಾತ್ರಿ ಹೊತ್ತು ಝೆರಾಕ್ಸ್ ಯಂತ್ರದ ಮುಂದೆ ನಿಂತು ಪುಟಪುಟವನ್ನೂ ನಕಲು ತೆಗೆದ. ಆ ಕಾಗದಗಳು 'ನ್ಯೂಯಾರ್ಕ್ ಟೈಮ್ಸ್' ಕೈಸೇರಿ ಜೂನ್ 13ರ ಭಾನುವಾರ ಮೊದಲ ಕಂತು ಬಂತು.

ಮೂರನೇ ಕಂತು ಬಂದ ದಿನ, ಅಂದರೆ 15ರಂದು, ನ್ಯಾಯಾಧೀಶ ಮರ್ರೆ ಗರ್ಫೈನ್ ತಾತ್ಕಾಲಿಕ ತಡೆ ಕೊಟ್ಟರು. ಆಗಷ್ಟೇ ಪೀಠ ಏರಿದವರು, ಇದೇ ಅವರ ಮೊದಲ ಮೊಕದ್ದಮೆ. ಇತ್ತ ಟೈಮ್ಸ್ ನಿಂತರೆ ಅತ್ತ 18ಕ್ಕೆ 'ವಾಷಿಂಗ್ಟನ್ ಪೋಸ್ಟ್' ಶುರುಮಾಡಿತು. ಸರ್ಕಾರ ಅಲ್ಲಿಗೂ ಓಡಿತು. ಆಮೇಲೆ ಬಾಸ್ಟನ್ನಿನ ಪತ್ರಿಕೆ. ಮಳೆಗಾಲದಲ್ಲಿ ಹಳೇ ಹಂಚಿನ ಮನೆ ಸೋರಿದ ಹಾಗೆ, ಒಂದು ಕಡೆ ಪಾತ್ರೆ ಇಟ್ಟರೆ ಇನ್ನೊಂದು ಕಡೆ ಹನಿ!

ತಡೆ ಕೊಟ್ಟ ಗರ್ಫೈನರೇ ಬಾಗಿಲು ಹಾಕಿಕೊಂಡು ಅಧಿಕಾರಿಗಳ ಮಾತು ಕೇಳಿದರು. ಯಾವ ಸಂಗತಿ ಹೊರಬಂದರೆ ದೇಶಕ್ಕೆ ಏನು ಕೇಡು ಅಂತ ಖಚಿತವಾಗಿ ತೋರಿಸಲು ಅವರಿಂದ ಆಗಲಿಲ್ಲ. 19ರಂದು ಗರ್ಫೈನ್ ತಡೆ ಮುಂದುವರಿಸಲು ನಿರಾಕರಿಸಿದರು. ಮೇಲಿನ ಕೋರ್ಟು ಮಾತ್ರ ಪತ್ರಿಕೆಯ ಕೈ ಕಟ್ಟಿಯೇ ಇಟ್ಟಿತು.

26ರಂದು ಸುಪ್ರೀಂ ಕೋರ್ಟಿನಲ್ಲಿ ವಾದ. ಅಲ್ಲಿ ನ್ಯಾಯಮೂರ್ತಿ ಸ್ಟುವರ್ಟ್ ಟೈಮ್ಸ್ ವಕೀಲರಿಗೆ ಹಾಕಿದ ಪ್ರಶ್ನೆ ನನಗೆ ತೀರ್ಪಿಗಿಂತಲೂ ದೊಡ್ಡದಾಗಿ ಕಾಣುತ್ತದೆ: ಇದು ಅಚ್ಚಾದರೆ ಹತ್ತೊಂಬತ್ತು ವರ್ಷದ ನೂರು ಹುಡುಗರು ಸಾಯೋದು ಖಂಡಿತ ಅಂತ ಗೊತ್ತಾದರೆ ಏನು ಮಾಡ್ತೀರಿ? ವಕೀಲ ಬಿಕೆಲ್, ಆಗ ಸಂವಿಧಾನದ ಮೇಲಿನ ನಿಷ್ಠೆಗಿಂತ ಮನುಷ್ಯತ್ವವೇ ಮೇಲಾಗುತ್ತದೆ ಅನ್ನುವ ಅರ್ಥದಲ್ಲಿ ಒಪ್ಪಿಕೊಂಡರು. ಆದರೆ ಅಂಥ ಸಾವಿನ ಪುರಾವೆ ಸರ್ಕಾರದ ಹತ್ತಿರ ಇರಲಿಲ್ಲ.

ಜೂನ್ 30ಕ್ಕೆ ತೀರ್ಪು: ಪತ್ರಿಕೆಗಳ ಪರ ಆರು, ವಿರುದ್ಧ ಮೂರು. ಪೂರ್ತಿ ಗೆಲುವು ಅಂತ ಹಿಗ್ಗುವ ಹಾಗಿಲ್ಲ. ಒಂಬತ್ತು ಜನ ಒಂಬತ್ತು ಅಭಿಪ್ರಾಯ ಬರೆದರು. ಸುದ್ದಿಗೆ ಯಾವತ್ತೂ ತಡೆ ಹಾಕಬಾರದು ಅಂದವರು ಬ್ಲ್ಯಾಕ್ ಮತ್ತು ಡಗ್ಲಸ್. ವೈಟ್ ಅವರಂತೂ, ಅಚ್ಚಾದ ಮೇಲೆ ಕ್ರಿಮಿನಲ್ ಕೇಸು ಹಾಕಲು ದಾರಿ ಇದೆ ಅಂತ ಸೂಚಿಸಿದರು. ಎಲ್ಸ್‌ಬರ್ಗ್ ಮೇಲೆ ಕೇಸು ನಡೆದೇ ನಡೆಯಿತು. ಆತನ ಮನೋವೈದ್ಯರ ಕಚೇರಿಗೆ ಸರ್ಕಾರದ ಕಡೆಯವರೇ ಕನ್ನ ಹಾಕಿದ್ದು ಬಯಲಾಗಿ, 1973ರಲ್ಲಿ ಅದು ವಜಾ ಆಯಿತು.

ಈ ತೀರ್ಪಿನ ಮಾತು ನಮ್ಮ ತಮಿಳುನಾಡಿನ ಒಂದು ಮೊಕದ್ದಮೆಗೂ ಬಂತು. ಮರಣದಂಡನೆಯ ಕೈದಿ ಆಟೋ ಶಂಕರನ ಜೀವನಕಥೆಯನ್ನು 'ನಕ್ಕೀರನ್' ಪತ್ರಿಕೆ ಅಚ್ಚುಹಾಕಲು ಹೊರಟಿತ್ತು. ಅದರಲ್ಲಿ ಅಧಿಕಾರಿಗಳ ನಂಟಿನ ಮಾತಿತ್ತು, ಜೈಲಿನ ಮೇಲಧಿಕಾರಿ ಬೇಡ ಅಂದರು. 1994ರಲ್ಲಿ ನಮ್ಮ ಸುಪ್ರೀಂ ಕೋರ್ಟು ಆ ಅಮೆರಿಕದ ತೀರ್ಪನ್ನು ಉದ್ಧರಿಸಿ, ಮಾನಹಾನಿ ಆಗುತ್ತದೆ ಅಂತ ಅಚ್ಚಿಗೆ ಮುಂಚೆಯೇ ತಡೆಯುವ ಅಧಿಕಾರ ಸರ್ಕಾರಕ್ಕಾಗಲಿ ಅಧಿಕಾರಿಗಳಿಗಾಗಲಿ ಇಲ್ಲ, ದೂರಿದ್ದರೆ ಆಮೇಲೆ ಕೋರ್ಟಿಗೆ ಹೋಗಲಿ ಅಂದಿತು. 1923ರ ಸರ್ಕಾರಿ ರಹಸ್ಯ ಕಾಯಿದೆ ಪತ್ರಿಕೆಗಳಿಗೂ ಅನ್ವಯಿಸುತ್ತದೆ ಅಂತಲೂ ಅದೇ ತೀರ್ಪಿನಲ್ಲಿ ಬರೆದಿದೆ.